ಮೂವತ್ತೇಳು ಒಳಜೇಬುಗಳು

ನನ್ನನ್ನು ಬೀದಿಯವರೆಲ್ಲ ಟೈಲರಕ್ಕ ಎನ್ನುತ್ತಾರೆ. ವಯಸ್ಸು 44 ವರ್ಷ, ಕಸುಬು ಶಾಲೆಯ ಸಮವಸ್ತ್ರ ಹೊಲಿಯುವುದು, ವಾಸ ಹೈಸ್ಕೂಲಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿಯ ಮೇಲಿನ ಮನೆ. ಈ ದಿನ ಸಂಜೆ 5.10ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಶಾಲೆಯ ಗೇಟಿನಿಂದ ಅರವತ್ತು ಅಡಿ ದೂರದಲ್ಲಿ ಜೆರಾಕ್ಸ್ ಅಂಗಡಿ ಇದೆ. ಮಕ್ಕಳು ಅದರ ಮಾಲೀಕನನ್ನು ಜೆರಾಕ್ಸ್ ಮಾಮ ಎನ್ನುತ್ತಾರೆ. ಶಾಲೆ ಶುರುವಾಗುವ ಹದಿನೈದು ದಿನ ಮೊದಲು ಆತ ನನ್ನಲ್ಲಿಗೆ ಬಂದು, ಮಕ್ಕಳು ಬಸ್ ಪಾಸ್ ಕಳೆದುಕೊಳ್ಳುತ್ತಾರೆ, ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಎರಡು ಬೆರಳಗಲದ ಜೇಬು ಇಟ್ಟುಕೊಡಿ ಎಂದು ಹೇಳಿ, ಗಿರಾಕಿಗಳನ್ನೂ ಕಳಿಸಿದ. ಬಸ್ ಪಾಸ್ ನಾಲ್ಕು ಬೆರಳಗಲ ಇರುತ್ತದೆ. ಹೊತ್ತು ಬೆಳಗಾದರೆ ಟೇಪು ಹಿಡಿಯುವ ನನಗೆ ಅದು ಹೊಳೆಯಲಿಲ್ಲ. ಮೂವತ್ತೇಳು ಪ್ಯಾಂಟಿಗೆ ಇಟ್ಟೆ. ಅದರಲ್ಲಿ ಒಂಬತ್ತನೇ ತರಗತಿಯ ನನ್ನ ಮಗಳದೂ ಒಂದು.

ಕಳೆದ ಸೋಮವಾರ ಬೆಳಿಗ್ಗೆ 11.40ಕ್ಕೆ, ಮಗಳು ಶಾಲೆಯ ಶೌಚಾಲಯದಲ್ಲಿ ಬಿದ್ದಿದ್ದಾಳೆಂದು ಫೋನ್ ಬಂತು. 12.15ಕ್ಕೆ ಆಸ್ಪತ್ರೆ ತಲುಪಿದೆ. ಸಿಗರೇಟಿಗೆ ಗಾಂಜಾ ತುಂಬಿ ಸೇದಿದ್ದಾಳೆ ಎಂದು ಡಾಕ್ಟರ್ ಹೇಳಿದರು. ಗದ್ದಕ್ಕೆ ಐದು ಹೊಲಿಗೆ ಬಿದ್ದಿದೆ. ಒರಟು ಹೊಲಿಗೆ. ನರ್ಸ್ ಕೊಟ್ಟ ಪ್ಯಾಂಟಿನ ಒಳಜೇಬಿನಲ್ಲಿ ಜೆರಾಕ್ಸ್ ಕಾಗದದಲ್ಲಿ ಮಡಚಿದ ಒಂದು ಪೊಟ್ಟಣ ಇತ್ತು.

ಸಂಜೆ ಮಗಳು ಬಾಯಿಬಿಟ್ಟಳು. ಮೊದಲ ತಿಂಗಳು ಜೆರಾಕ್ಸ್ ಮಾಮ ಬಿಟ್ಟಿಯಾಗಿ ಸಿಗರೇಟು ಕೊಟ್ಟನಂತೆ, ಆಮೇಲೆ ಗಾಂಜಾ ಪೊಟ್ಟಣ. ಹೆದರಿದವರಿಗೆ ಟೈಲರಕ್ಕನಿಗೂ ಎಲ್ಲ ಗೊತ್ತು ಎನ್ನುತ್ತಿದ್ದನಂತೆ. ಆಕೆ ಹೇಳಿದ್ದನ್ನು ಹಾಗೆಯೇ ಬರೆಸುತ್ತಿದ್ದೇನೆ: "ಜೇಬು ನೀನೇ ಇಟ್ಟಿದ್ದಲ್ಲಮ್ಮಾ, ನಿಂಗೊತ್ತು ಅಂದ್ಕೊಂಡೆ." ನನಗೆ ಅವನನ್ನು ಹುಟ್ಟಿಲ್ಲ ಅನ್ನಿಸಿಬಿಡುವಷ್ಟು ಸಿಟ್ಟು ಬಂತು.

ಆತನ ಹೊಸ ಪ್ಯಾಂಟು ನನ್ನಲ್ಲೇ ಹೊಲಿಗೆಗೆ ಇತ್ತು. ಎರಡೂ ಕಾಲಿನ ತುದಿಗೆ ಡಬಲ್ ಹೊಲಿಗೆ ಹಾಕಿ ಮುಚ್ಚಿದೆ. ಅಳತೆ ನೋಡಿಕೊಂಡು ಹೋಗಿ ಎಂದು ಕರೆದೆ. ಈ ದಿನ 4.05ಕ್ಕೆ ಬಂದ. ಟ್ರಯಲ್ ರೂಮಿಗೆ ಹೋಗಿ ಹಳೇ ಪ್ಯಾಂಟನ್ನು ಬಾಗಿಲ ಮೇಲೆ ಹಾಕಿದ. ಅದನ್ನು ಎಳೆದುಕೊಂಡು ಹೊರಗಿನಿಂದ ಚಿಲಕ ಹಾಕಿದೆ. ಅದರ ಜೇಬಿನಲ್ಲಿ ಅದೇ ಬಗೆಯ ಹನ್ನೊಂದು ಪೊಟ್ಟಣ ಸಿಕ್ಕವು. 4.20ಕ್ಕೆ ಠಾಣೆಗೆ ಫೋನ್ ಮಾಡಿದೆ. ಪೊಲೀಸರು ಬಂದದ್ದು 4.45ಕ್ಕೆ. ಆ ಇಪ್ಪತ್ತೈದು ನಿಮಿಷ ಸ್ಟೂಲಿನ ಮೇಲೆ ಕುಳಿತು ಅವನು ಒಳಗೆ ಮುಗ್ಗರಿಸಿ ಬೀಳುವುದನ್ನು ಕೇಳಿದೆ. ಹಾಯೆನಿಸಿತು. ಇದನ್ನೂ ಬರೆದುಕೊಳ್ಳಿ ಎಂದಿದ್ದೇನೆ.

ಮೊದಲು ಅಕ್ಕಾ ಅಕ್ಕಾ ಎಂದು ಗೋಗರೆದ. ನಂತರ, "ಜೇಬು ಹೊಲಿದವ್ಳು ನೀನು, ನಿನ್ನನ್ನೂ ಒಳಗೆ ಹಾಕಿಸ್ತೀನಿ" ಎಂದ.

ಜೇಬಿನ ಮಾತು ಬರೆಸಿದರೆ ನಿಮ್ಮ ಮೇಲೂ ಕೇಸಾಗಬಹುದು, ಬಿಟ್ಟುಬಿಡಿ ಎಂದು ಇಲ್ಲಿನ ಸಾಹೇಬರು ಹೇಳಿದರು. ಬಿಟ್ಟರೆ ಅವನ ವಕೀಲ ಅದನ್ನೇ ಹಿಡಿದು ಅವನನ್ನು ಬಿಡಿಸುತ್ತಾನೆ. ಆದ್ದರಿಂದ ನಾನೇ ಹೇಳುತ್ತಿದ್ದೇನೆ: ಮೂವತ್ತೇಳನ್ನೂ ಹೊಲಿದವಳು ನಾನು. ಅವನ ಪಕ್ಕದಲ್ಲೇ ಕಟಕಟೆಯಲ್ಲಿ ನಿಲ್ಲಿಸಿ, ನಿಲ್ಲುತ್ತೇನೆ. ಅವನು ಅಲ್ಲಿಂದ ಇಳಿದು ಮನೆಗೆ ಹೋಗಬಾರದು, ಅಷ್ಟೇ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆ
ದಿನಾಂಕ: ಆಗಸ್ಟ್ 19
(ಸಹಿ) ಟೈಲರಕ್ಕ