ಏಳನೆಯ ಸೆಕೆಂಡು

ಬೇಡ ಅತ್ತಿಗೆ, ಆ ರಿಮೋಟು ಇತ್ತ ಕೊಡಿ. ದಿನಕ್ಕೆ ಹತ್ತು ಗಂಟೆ ಅದೇ ಸುದ್ದಿ ಕತ್ತರಿಸಿ ಅಂಟಿಸ್ತೀನಿ, ಇಲ್ಲೂ ಅದನ್ನೇ ನೋಡಬೇಕಾ? ...ಇಲ್ಲಪ್ಪ, ರಜೆ ಏನಿಲ್ಲ. ಮಧ್ಯಾಹ್ನ ಸ್ವಲ್ಪ ಬಿಡುವಿತ್ತು, ಬಂದೆ. ಅಣ್ಣನ ಮನೆಗೆ ಬರೋಕೆ ಕಾರಣ ಬೇಕಾ?

ನೀವು ಇಸ್ತ್ರಿ ಮಾಡ್ಕೊಳ್ಳಿ. ನಾನು ಇಲ್ಲೇ ಕಿಟಕಿ ಹತ್ತಿರ ಕೂತಿರ್ತೀನಿ.

ಕೆಳಗಡೆ ದರ್ಜಿ ಸಿಕ್ಕಿದ್ದ. ಬಿಡಲೇ ಇಲ್ಲ. ‘ನಿಮ್ಮ ಚಾನೆಲ್ಲು ಯುದ್ಧ ಚೆನ್ನಾಗಿ ತೋರಿಸ್ತಿದೆ. ಆದರೆ ಒಂದೇ ಏಟಿಗೆ ಮುಗಿಸಿಬಿಡಬೇಕಿತ್ತು’ ಅಂದ. ಹಲ್ಲಿ ಬಿದ್ದರೆ ಕುರ್ಚಿ ಹತ್ತೋ ಮನುಷ್ಯ. ಅಣ್ಣ ವಾಪಸು ಬಂದಮೇಲೆ ಒಂದು ಕೋಟು ಹೊಲಿದುಕೊಡ್ತಾನಂತೆ. ಪುಕ್ಕಟೆ. ಸೈನ್ಯಕ್ಕೆ ಅವನ ಕಾಣಿಕೆ.

ಅವನನ್ನ ಏನಂತ ಬೈಯೋದು? ಬೆಳಿಗ್ಗೆಯಿಂದ ನಾವು ತೋರಿಸಿದ್ದನ್ನೇ ನೋಡ್ತಾನೆ. ನಿನ್ನೆ ಸ್ಟುಡಿಯೋಗೆ ಒಬ್ಬ ಸಿನಿಮಾ ಹೀರೋ ಬಂದಿದ್ದ, ಸೈನಿಕನ ಉಡುಪು ಹಾಕ್ಕೊಂಡು. ಬಾಡಿಗೆ ಉಡುಪು. ಸಡಿಲ ಅಂತ ಬೆನ್ನಿಗೆ ನಾಲ್ಕು ಪಿನ್ನು ಚುಚ್ಚಿದ್ದರು. ‘ಕರೆದರೆ ಈಗಲೇ ಗಡಿಗೆ ಹೋಗ್ತೀನಿ’ ಅಂತ ಗುಡುಗಿದ. ಗುಡುಗಿ ಮುಗಿಸಿ, ಎ.ಸಿ. ಜಾಸ್ತಿ ಆಯ್ತು, ಶಾಲು ತನ್ನಿ ಅಂದ... ಯಾಕೆ ನಗ್ತೀರಿ? ...ನಗಲಿಲ್ವಾ. ಸರಿ. ನಕ್ಕ ಹಾಗೆ ಕಾಣಿಸ್ತು.

ನನ್ನದೇನು ದೊಡ್ಡಸ್ತಿಕೆ ಬಿಡಿ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಈಗ ಬಾಂಬು ಬಿದ್ದರೆ ನಗಾರಿ ಹಾಕ್ತೀನಿ, ಸತ್ತವರಿಗೆ ಕೊಳಲು. ಸಂಗೀತ ಇಲ್ಲದಿದ್ದರೆ ಜನ ಬೇರೆ ಚಾನೆಲ್ಲಿನ ಅಡುಗೆ ಸ್ಪರ್ಧೆಗೆ ಹೋಗಿಬಿಡ್ತಾರಂತೆ. ನಮ್ಮ ಸಂಪಾದಕರು ಹೇಳೋದು. ಅವರಿಗೆ ‘ಬ್ರೇಕಿಂಗ್’ ಅಂತ ಹೆಸರಿಟ್ಟಿದ್ದೀವಿ, ಚಹಾ ಬಂತು ಅನ್ನೋದನ್ನೂ ಅದೇ ದನಿಯಲ್ಲಿ ಹೇಳ್ತಾರೆ. ನನಗೂ ಒಂದು ಅಡ್ಡಹೆಸರಿದೆ, ‘ಮಂಜು’. ಗಾಯಗೊಂಡವರ, ಸತ್ತವರ ಮುಖ ಮಸುಕು ಮಾಡೋದು ನನ್ನ ಕೆಲಸ ತಾನೆ.

ಇಸ್ತ್ರಿಪೆಟ್ಟಿಗೆ ಎತ್ತಿ ಅತ್ತಿಗೆ. ಅಂಗಿ ಸುಡತ್ತೆ.

ಅಣ್ಣನ ಫೋನು ಬಂದಿಲ್ಲ ಅಂದ್ರೆ ಟವರು ಬಿದ್ದಿರತ್ತೆ, ಅಷ್ಟೇ. ಒಂಬತ್ತು ದಿನ ಏನು ಮಹಾ. ಸಿಟಿ ಬಸ್ಸು ಓಡಿಸ್ತಿದ್ದವನನ್ನ ಎಳ್ಕೊಂಡು ಹೋಗಿ ಲಾರಿ ಕೊಟ್ಟಿದ್ದಾರೆ. ಲಾರಿಯವರನ್ನ ಮುಂದಕ್ಕೆ ಕಳಿಸಲ್ಲ. ಹಿಂದೆ ಇರ್ತಾರೆ. ಡೀಸೆಲ್ಲು, ಆಲೂಗಡ್ಡೆ, ಕಂಬಳಿ... ಎಷ್ಟು ಸಲ ಹೇಳಿದ್ದೀನಿ ಇದನ್ನ? ನೀವು ಕೇಳಿದಾಗೆಲ್ಲ ಹೇಳಿದ್ದೀನಿ. ಬಾಗಿಲು ತೆಗೆದ ತಕ್ಷಣ ಕೇಳ್ತೀರಿ, ‘ಏನಾದ್ರೂ ಗೊತ್ತಾಯ್ತಾ’ ಅಂತ. ಚಪ್ಪಲಿ ಬಿಡೋಕೂ ಬಿಡಲ್ಲ.

ಇವತ್ತು ಕೇಳಲಿಲ್ಲ.

ಅತ್ತಿಗೆ... ಇವತ್ತು ಯಾಕೆ ಕೇಳಲಿಲ್ಲ?

ಬೆಳಿಗ್ಗೆ ಟೀವಿ ಹಾಕಿದ್ರಾ? ...ಎಷ್ಟು ಹೊತ್ತಿಗೆ? ಹನ್ನೊಂದರದ್ದಾ? ...ಸ್ಟ್ರೆಚರಿನದು ಬಂತಾ ಆಗ?

ಹೂಂ.

ಮುಖ ಮುಚ್ಚಿದ್ದೆನಲ್ಲ ನಾನು. ಹನ್ನೊಂದು ವರ್ಷ ಜೊತೆಗೆ ಬಾಳಿದವರಿಗೆ ಮುಖ ಬೇಕಾಗಲ್ಲ ಅಂತ... ಅದು ಹೊಳೀಲಿಲ್ಲ. ನನಗೆ ಅದು ಅಣ್ಣ ಅಂತಲೇ ಹೊಳೀಲಿಲ್ಲ ಅತ್ತಿಗೆ. ನಾವು ಮುಖ ನೋಡಲ್ಲ. ಮುಖದ ಸುತ್ತ ಒಂದು ವೃತ್ತ ಎಳೀತೀವಿ. ಎಳೆದೆ, ಕೊಳಲು ಹಾಕಿದೆ, ಕಳಿಸಿದೆ. ಆಮೇಲೆ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುವಾಗ ಟೀವೀಲಿ ಬಂತು. ಸ್ಟ್ರೆಚರಿನಿಂದ ನೇತಾಡ್ತಿದ್ದ ಆ ಕೈ... ಓಡಿಹೋಗಿ ಮಸುಕು ತೆಗೆದು ನೋಡಿದೆ.

ಅವನೇ.

ನಿಲ್ಲಿಸಿ ಅಂದೆ ಬ್ರೇಕಿಂಗ್‌ಗೆ. ‘ಜನ ನೋಡ್ತಿದ್ದಾರೆ ಕಣಯ್ಯಾ, ಯಾಕೆ ನಿಲ್ಲಿಸಬೇಕು’ ಅಂದರು. ಯಾರು ಅಂತ ಬಾಯಿ ಬಿಡಲಿಲ್ಲ ನಾನು. ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಈ ಬಾಗಿಲಿಗೆ ಕ್ಯಾಮೆರಾ ಬಂದಿರ್ತಿತ್ತು, ನಿಮ್ಮ ಅಳುವಿಗೂ ನಾನೇ ಕೊಳಲು ಹಾಕಬೇಕಿತ್ತು. ಗಂಟೆಗೊಂದು ಸಲ ಬರ್ತಿದೆ. ನಿಮ್ಮ ಕೈಯಿಂದ ರಿಮೋಟು ಕಿತ್ಕೊಳ್ಳೋಣ ಅಂತ ಬಂದೆ. ಬೇರೇನು ಮಾಡೋದು ಅಂತ ಗೊತ್ತಾಗಲಿಲ್ಲ.

ಕಣ್ಣು ತೆರೆದಿತ್ತು. ಅದನ್ನ ನೋಡಿದೆ. ಉಸಿರು... ಆರೇ ಸೆಕೆಂಡು ಅತ್ತಿಗೆ ಆ ತುಣುಕು. ಏಳನೆಯದು ನಮ್ಮ ಹತ್ತಿರ ಇಲ್ಲ. ತೆಗೆದು ಕಳಿಸಿದವನ ಫೋನು ಸತ್ತಿದೆ. ಸೈನ್ಯದ ಕಚೇರಿಯವರು ಪಟ್ಟಿ ಬಂದಮೇಲೆ ಬನ್ನಿ ಅಂತಾರೆ. ಪಟ್ಟಿ ಯಾವಾಗ ಅಂದ್ರೆ, ಟೀವಿ ನೋಡ್ತಿರಿ ಅಂತಾರೆ.

ಏನು? ...ಕಾಲು ಯಾಕೆ ಮುಟ್ಟಿ ತೋರಿಸ್ತೀರಿ? ...ಎರಡೂನಾ? ಅಲ್ಲ. ಅಲ್ಲ ಅತ್ತಿಗೆ, ಎರಡಕ್ಕೂ ಗಾಯ ಆಗಿಲ್ಲ. ಎಡಗಾಲು ಒಂದೇ. ಇನ್ನೊಂದು... ಇನ್ನೊಂದು ನನ್ನ ಕೆಲಸ. ತುಣುಕು ಚಿಕ್ಕದು, ಸಾಲಲಿಲ್ಲ. ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಬೇರೆ ಯಾರೋ ಗಾಯಾಳು ಅನ್ನೋ ಹಾಗೆ ಮತ್ತೊಂದು ಸಲ ಅಂಟಿಸಿದೆ. ದಿನಾ ಮಾಡ್ತೀವಿ. ಯಾರೂ ಕಂಡುಹಿಡಿಯಲ್ಲ.

ಹಾಗೆ ನೋಡಬೇಡಿ ನನ್ನ.

ಬಲಗಾಲಿಗೆ ಏನೂ ಆಗಿಲ್ಲ ಅತ್ತಿಗೆ. ಆರನೆಯ ಸೆಕೆಂಡಿನವರೆಗೂ ಏನೂ ಆಗಿರಲಿಲ್ಲ.