ಆಯಿಲ್ ಬಿತ್ತೇನು?

"ಹಲೋ... ಹಲೋ, ಯಾರ್ ಮಾತಾಡಾದು? ... ಇದು ಸ್ರವಂತಿ ನಂಬರ್ ಅಲ್ಲೇನ್ರೀ? ... ಹಾಂ, ವಾಣಿಶ್ರೀ ಮೇಡಮ್ಮಾರಾ. ನಮಸ್ಕಾರ್ರೀ. ನಾನು ಲಕ್ಷ್ಮಣ್. ... ಲಕ್ಷ್ಮಣ್ ರೀ, ಮಕ್ತಲ್‌ದಿಂದ. ... ಆಕಿ ಗಂಡ."

ಗಂಡ ಎಂದು ಹೇಳಿಯೇ ಗುರುತು ಹಿಡಿಸಬೇಕಾದದ್ದು ಲಕ್ಷ್ಮಣನನ್ನು ಚುಚ್ಚಿತು. ಸ್ರವಂತಿ ಗದ್ವಾಲದ ಹೆಣ್ಣುಮಕ್ಕಳ ವಸತಿ ಶಾಲೆಗೆ ವಾರ್ಡನ್ ಆಗಿ ಹೋಗಿ ಒಂದೂವರೆ ವರ್ಷವಾಗಿತ್ತು. ವಾಣಿಶ್ರೀ ಅವಳ ಕೋಣೆಯಲ್ಲೇ ಇರುವ ಟೀಚರು. ಇತ್ತ ಲಕ್ಷ್ಮಣ ಮಕ್ತಲಿನಲ್ಲಿ ಬೋರ್ ಮೋಟಾರುಗಳಿಗೆ ವೈಂಡಿಂಗ್ ಮಾಡಿಕೊಂಡು ಒಬ್ಬನೇ ಇದ್ದ.

"ಜ್ವರಾ? ... ಹೌದ್ರೀ, ಜ್ವರ ಅಂತ ಹೇಳಿದ್ಲು. ... ಎರಡು ದಿನ ಗ್ಲೂಕೋಸ್ ಹಚ್ಚಿದ್ರಾ? ... ಹತ್ರ ನೀವು ಕುಂತಿದ್ರಾ? ... ಇಲ್ರೀ, ನನಗ ಗೊತ್ತಿಲ್ಲ. ... ಹಾಂ, ಕೊಡ್ರೀ ಆಕಿಗೆ."

ಫೋನು ಕೈ ಬದಲಾಯಿತು. ಮೊದಲು ಗ್ಲೂಕೋಸಿನ ಮಾತನ್ನೇ ಕೇಳಬೇಕೆಂದು ಅವನು ಬಾಯಿ ತೆರೆದ. ಹೊರಟದ್ದು ಬೇರೆ ಮಾತು.

"ನಾನ, ಸ್ರವಂತಿ. ಉಂಡೇನು? ... ಹಾಂ, ನಂದೂ ಆಯ್ತು. ... ಕೇಳಿಲ್ಲಿ, ಟರ್ಬೊ ಕೂತೈತಿ. ಎಲ್ಲಾ ಕೂತೈತಿ. ... ಒಂದು ಕೆಲಸ ಉಳದೈತಿ, ಅದಕ್ಕ ಇಬ್ರು ಬೇಕು."

ಮನೆಯಂಗಳದಲ್ಲಿ, ತಾಡಪತ್ರಿಯ ನೆರಳಲ್ಲಿ, ಅವರ ಹಳೆಯ ಪೆಟ್ರೋಲ್ ಕಾರು ಬಾನೆಟ್ ತೆರೆದು ನಿಂತಿತ್ತು. ಪುಣೆಯಿಂದ ತರಿಸಿದ ಟರ್ಬೊ ಕಿಟ್ಟನ್ನು ಲಕ್ಷ್ಮಣ ನಾಲ್ಕು ಐತವಾರಗಳಿಂದ ಅದಕ್ಕೆ ಕೂಡಿಸುತ್ತಿದ್ದ. ಹೊಗೆಯ ಒತ್ತಡಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಣ್ಣ ಚಕ್ರ ಅದು. ಒಮ್ಮೆ ಕೂತಿತೆಂದರೆ ಗದ್ವಾಲ ಕೈಯಳತೆಗೆ ಬರುತ್ತದೆ ಎಂದು ಅವನು ನಂಬಿದ್ದ. ಮುಂಚೆ ಅವನು ಕಾರಿನ ಕೆಳಗೆ ಮಲಗಿದಾಗ ಬ್ಯಾಟರಿ ದೀಪ ಹಿಡಿದು ಪಾನಾ ಕೊಡುತ್ತಿದ್ದವಳು ಸ್ರವಂತಿಯೇ. ಈಗ ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡುವುದು ಅವನಿಗೆ ರೂಢಿಯಾಗಿತ್ತು.

ಅವನು ಬಿಡಿಸಿ ಹೇಳಿದ. ಟರ್ಬೊದೊಳಗೆ ಆಯಿಲ್ ತುಂಬದೆ ಗಾಡಿ ಚಾಲೂ ಮಾಡಿದರೆ ಅದು ಒಣಒಣವಾಗಿ ತಿರುಗಿ ಸುಟ್ಟುಹೋಗುತ್ತದೆ. ಅದಕ್ಕೇ ಪೆಟ್ರೋಲ್ ಪಂಪಿನ ಫ್ಯೂಜು ಕಿತ್ತು, ಎಂಜಿನ್ ಹತ್ತಿಕೊಳ್ಳದಂತೆ ಬರೀ ಚಾವಿ ತಿರುಗಿಸಬೇಕು. ಆಯಿಲ್ ಟರ್ಬೊವನ್ನು ದಾಟಿ ಕೆಳಗಿನ ಪೈಪಿನಿಂದ ಬಿದ್ದರೆ ಸರಿ. ಆದರೆ ಚಾವಿ ತಿರುಗಿಸುವವನಿಗೆ ಪೈಪು ಕಾಣುವುದಿಲ್ಲ.

"ನೀ ಏನೂ ಮಾಡಾದು ಬ್ಯಾಡ, ಬರೇ ಕೇಳು. ಪೈಪಿನ ಕೆಳಗ ಖಾಲಿ ಡಬ್ಬಿ ಇಟ್ಟೀನಿ, ಅದರ ಬಾಜೂಕ ಫೋನ್ ಇಡ್ತೀನಿ. ಡಬ್ಬ್ಯಾಗ ಬಿದ್ದ ಸಪ್ಪಳ ಕೇಳಿದ್ರ ಜೋರಾಗಿ ಹೇಳು. ... ಆತಲ್ಲ?"

ಸ್ಪೀಕರ್ ಹಾಕಿಟ್ಟು ಸೀಟಿಗೆ ಓಡಿ ಚಾವಿ ತಿರುಗಿಸಿದ. ಎಂಜಿನ್ನು ಗೊರಗುಟ್ಟಿತು.

"ಬಿತ್ತೇನು? ... ಇಲ್ಲಾ? ತಡಿ, ಇನ್ನೊಮ್ಮೆ. ... ಈಗ? ... ಹಾಂ? ಒಂದ ಹನಿ ಏನು? ... ಸುರಿಯಾಕತ್ತೈತಾ? ಖರೇನಾ?"

ಇಳಿದು ಬಂದು ನೋಡಿದ. ಡಬ್ಬಿಯಲ್ಲಿ ಆಯಿಲಿನ ಎಳೆ ಕಡಿಯದೆ ಬೀಳುತ್ತಿತ್ತು. ಜೋರಾಗಿ ನಕ್ಕ. ಪೈಪು ಬಿಗಿದು, ಫ್ಯೂಜು ಹಾಕಿ ಮುಗಿಸುವವರೆಗೆ ಅವಳು ಫೋನಿಡಲಿಲ್ಲ. ಯಾವುದೋ ಹುಡುಗಿಗೆ ತಲೆ ಬಾಚಿಕೋ ಎನ್ನುತ್ತಿದ್ದ ಅವಳ ದನಿ ಆಗಾಗ ಅಂಗಳಕ್ಕೆ ಬರುತ್ತಿತ್ತು. ಅಷ್ಟು ಹೊತ್ತು ಅವಳು ಒಳಗಿನ ಕೋಣೆಯಲ್ಲೇ ಇದ್ದಂತಿತ್ತು.

ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.

"ಕೇಳಸ್ತಾ? ಸಣ್ಣಾಗ ಸೀಟಿ ಹೊಡದಂಗ ಐತಲ್ಲ? ... ಅದ. ಅದ ಟರ್ಬೊ. ... ಇನ್ನ ಹೈದರಾಬಾದಿಗೆ ಒಯ್ದು ಸೆಟಿಂಗ್ ಮಾಡಿಸಿದ್ರ ಮುಗೀತು. ಆಮ್ಯಾಲೆ ಜೂರಾಲಾ ಡ್ಯಾಮ್ ಮ್ಯಾಲಿಂದ ಮುಕ್ಕಾಲು ತಾಸಿಗೆ ನಿನ್ನ ಗೇಟಿಗೆ ಬರ್ತೀನಿ. ... ಏನಂದಿ? ... ಬಸ್ಸಿಗಾ? ಬಸ್ಸಿಗೆ ಒಂದೂವರಿ, ಎರಡು ತಾಸು. ... ಹೌದು, ದಿನಾ ಅದಾವ ಬಸ್ಸು."

ಅವಳು ಸಿಟ್ಟಿನಿಂದ ಕೇಳಿರಲಿಲ್ಲ. ಹಾಜರಿ ಓದಿದಷ್ಟೇ ಶಾಂತವಾಗಿತ್ತು ಅವಳ ದನಿ. ಲಕ್ಷ್ಮಣ ಬಾನೆಟ್ಟಿಗೆ ಕೈಯೂರಿ ನಿಂತ. ಆ ಮೊದಲಿನ ಮಾತು ಈಗ ಬಾಯಿಗೆ ಬಂತು.

"ಗ್ಲೂಕೋಸ್ ಹಚ್ಚಿದ್ದು ಯಾವತ್ತು? ... ಹಿಂದಿನ ಐತವಾರನಾ. ... ಅವತ್ತ ನಾ ಫೋನ್ ಮಾಡಿದ್ದೆ ಅಲ್ಲ, ಟರ್ಬೊ ಕೂಡಸಾಕ ಬಂಪರ್ ಬರಾಬರ್ ಕೊಯ್ದೀನಿ ಅಂತ. ಚಲೋ ಆತು ಅಂದಿ ನೀನು. ಆವಾಗ ಎಲ್ಲಿದ್ದಿ? ... ದವಾಖಾನ್ಯಾಗಾ? ... ಮತ್ತ ಹೇಳಬಾರದಾ ನನಗ? ..."

ಅವಳು ಮೆಲ್ಲಗೆ ಏನೋ ಅಂದಳು.

"ಹಾಂ. ... ಕೇಳಲಿಲ್ಲ. ಹೆಂಗದಿ ಅಂತ ನಾ ಕೇಳಲಿಲ್ಲ."

ಎಂಜಿನ್ನು ತನ್ನ ಪಾಡಿಗೆ ಓಡುತ್ತಿತ್ತು. ಕೈಯ ಮಸಿಯನ್ನು ಲುಂಗಿಗೆ ಒರೆಸಿಕೊಂಡು ಅವನು ಫೋನನ್ನು ಬಾಯಿಯ ಹತ್ತಿರ ತಂದ.

"ಸ್ರವಂತಿ, ನಾ ಈಗ ಬರಲೇನು? ... ಕಾರಲ್ಲ, ಅದು ಇಲ್ಲೇ ಬಿದ್ದಿರ್ಲಿ. ನಾಕೂವರಿ ಬಸ್ಸಿಗೆ. ಗೇಟ್ ಹೊರಗ ಬೇಕಾದ್ರ ನಿಂದರ್ತೀನಿ. ... ಬರಲಾ?"

ಫೋನಿನ ಆ ಕಡೆ ಹಾಸ್ಟೆಲಿನ ಗಂಟೆ ಹೊಡೆಯಿತು, ಹುಡುಗಿಯರ ಕಾಲ ಸಪ್ಪಳ ಎದ್ದಿತು. ಅದರ ನಡುವೆ ಅವಳು ಒಂದೇ ಒಂದು ಮಾತು ಹೇಳಿದಳು. ಅಷ್ಟರಲ್ಲಿ ಎಂಜಿನ್ನಿನ ಫ್ಯಾನು ಭರ್ರೆಂದು ತಿರುಗತೊಡಗಿ ಆ ಮಾತನ್ನು ನುಂಗಿತು.

"ತಡಿ, ತಡಿ, ಕೇಳಿಲ್ಲ. ಬಂದ್ ಮಾಡ್ತೀನಿ..."

ಓಡಿಹೋಗಿ ಚಾವಿ ತಿರುಗಿಸಿದ. ಅಂಗಳವೆಲ್ಲ ಒಮ್ಮೆಲೇ ಸದ್ದಡಗಿತು.

"ಹಾಂ, ಈಗ ಹೇಳು. ಬಾ ಅಂದ್ಯಾ, ಬ್ಯಾಡ ಅಂದ್ಯಾ? ... ಹಲೋ? ... ಸ್ರವಂತಿ?"

ಲೈನು ಕಟ್ಟಾಗಿತ್ತು.