ವಿಮಾನದ ಬಯಲಿನ ಹಟ್ಟಿ

ಚಿಕ್ಕನಾಯಕನಹಳ್ಳಿ ಬಸ್ ನಿಲ್ದಾಣದಲ್ಲಿ ಶೆಟ್ಟಿಕೆರೆ ಬಸ್ಸಿಗೆ ಕಾದು ಕಾದು ಮಂಜುಶ್ರೀಗೆ ಸಾಕಾಗಿತ್ತು. ಪಕ್ಕದಲ್ಲಿ ಕೂತಿದ್ದ, ಎಂಬತ್ತು ದಾಟಿದ ಅಜ್ಜಿ ಮತ್ತು ಅವಳ ಸೋದರಳಿಯನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಳಿಯ ತೊಡೆಯ ಮೇಲೆ ಹಳೆಯ ನಕ್ಷೆಯೊಂದನ್ನು ಹರಡಿ, ಅದರ ಮೇಲೆ ಒಂದೆರಡು ಫೋಟೋ ಇಟ್ಟುಕೊಂಡಿದ್ದ.

“ಇದೇ ನೋಡತ್ತೆ, ಎರಡನೇ ಮಹಾಯುದ್ಧದ ಕಾಲದಾಗೆ ವಿಮಾನ ಇಳೀತಿದ್ದ ಬಯಲು. ನನ್ನ ಪುಸ್ತಕಕ್ಕೆ ಅಂತ ಎಂಟು ವರ್ಷ ಅಲೆದು ಹುಡುಕಿದ ನಕ್ಷೆ.”

“ನಮ್ಮ ಹಟ್ಟಿ ಎಲ್ಲೈತ್ಲಾ ಇದ್ರಾಗೆ?”

“ಇಲ್ಲ ಕಣತ್ತೆ. ನಕ್ಷೆ ಬರೆಯೋ ಹೊತ್ಗೆ ಮಿಲಿಟರಿಯೋರು ಹಟ್ಟಿ ಎಬ್ಬಿಸಿಬಿಟ್ಟಿದ್ರು. ಫೋಟೋದಾಗೂ ಬರೀ ಬಯಲೇ.”

“ಎಬ್ಬಿಸಿದಾಗ ನಾನು ಹುಟ್ಟಿ ಮೂರು ದಿನ. ಅವ್ವ ಹಸಿ ಬಾಣಂತಿ, ನನ್ನ ಕಂಬಳೀಲಿ ಸುತ್ಕೊಂಡು ಹಂದನಕೆರೆಗಂಟ ನಡೆದ್ಲು. ಹುಟ್ಟಿದ ಜಾಗಾನೇ ಇಲ್ಲ ಅಂತೀಯಲ್ಲ.”

“ನಾನೂ ಸೋತೋದೆ. ಕಾಗದದ ಸಾಕ್ಷಿ ಇಲ್ದೆ ಹೆಂಗೆ ಬರೀಲಿ?”

“ನಾನು ಸತ್ರೆ ಹೇಳೋರೂ ಇರಾಕಿಲ್ಲ, ಬುಡು.”

ಅವನು ಜೇಬಿನಿಂದ ಪೆನ್ನು ತೆಗೆದ.

“ಸರಿ, ಹೇಳು. ಯಾವ ಕಡೆ ಇತ್ತು?”

“ಕೆರೆಯಿಂದ ಮೂಡಲಿಗೆ, ದಿಬ್ಬದ ಮೇಲೆ ಅಂತಿದ್ಲು ಅವ್ವ.”

ಅವನು ನಕ್ಷೆಯಲ್ಲಿ ಚುಕ್ಕಿ ಇಟ್ಟು, ಪಕ್ಕದಲ್ಲಿ ಬರೆದದ್ದನ್ನು ಅತ್ತೆಗೆ ಕೇಳುವಂತೆ ಓದಿದ: “ಗೊಲ್ಲರಹಟ್ಟಿ. ಇಲ್ಲಿ ಹುಟ್ಟಿದ ಜಯಕ್ಕ ಹೇಳಿದ್ದು.”

ಅಜ್ಜಿ ನಕ್ಷೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. ಅಷ್ಟರಲ್ಲಿ ಹಂದನಕೆರೆ ಬಸ್ಸು ಬಂತು. ಅಳಿಯ ನಕ್ಷೆ ಮಡಚಲು ಹೋದರೆ ಅವಳು ಬಿಡಲಿಲ್ಲ. ಅವನು ರಟ್ಟೆ ಹಿಡಿದು ಹತ್ತಿಸಿದಾಗಲೂ ಬಿಚ್ಚಿದ ನಕ್ಷೆ ಅವಳ ಎರಡೂ ಕೈಯಲ್ಲೇ ಇತ್ತು.